ಎಷ್ಟು ದಿನ ಅಂತ ಹಾಕ್ಲಿ

ನಾನು ಕಂಪ್ಲಿಯಿಂದ ಹೊಸಪೇಟೆಗೆ ಬಂದದ್ದು ಬೆಳಗಿನ ಬಸ್ಸಿನಲ್ಲಿ, ಎರಡು ಬ್ಯಾಗು ಹಿಡಿದುಕೊಂಡು. ಜಗಳವೇನೂ ಆಗಿರಲಿಲ್ಲ. ನನ್ನ ಗಂಡ ಅಕ್ಕಿ ಗಿರಣಿ ನಡೆಸುವವರು. ನಮ್ಮಿಬ್ಬರ ನಡುವೆ ಮಾತು ಕಡಿಮೆಯಾಗುತ್ತ ಆಗುತ್ತ, ನಾನು ಊಟಕ್ಕೆ ಕರೆಯುವುದು, ಅವರು ಬಂದು ಕೂರುವುದು, ಇಷ್ಟೇ ಉಳಿದಿತ್ತು. ಒಂದು ದಿನ ಉಪ್ಪಿಟ್ಟು ತಿನ್ನುತ್ತ, ತಟ್ಟೆಯಿಂದ ತಲೆ ಎತ್ತದೆ, "ನೀ ಸ್ವಲ್ಪ ದಿನ ತವರುಮನಿಗೆ ಹೋಗಿರು" ಎಂದರು. "ಆತ್ರಿ" ಎಂದೆ. ತಟ್ಟೆ ತೊಳೆದಿಟ್ಟು ಬಟ್ಟೆ ಮಡಚಲು ಕೂತೆ.

ಅಪ್ಪ, ಅವ್ವ ತೀರಿಕೊಂಡ ಮೇಲೆ ನನಗೆ ತವರೆಂದರೆ ತಮ್ಮನ ಮನೆಯೇ. ತಮ್ಮ ಲಾರಿ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕೆಲಸ ಮಾಡುತ್ತಾನೆ. ಅವನ ಹೆಂಡತಿ ಮನೆಯಲ್ಲೇ ಕೂತು ಹೊರಗಿನ ಯಾವುದೋ ಕಂಪನಿಗೆ ಆಸ್ಪತ್ರೆ ಬಿಲ್ಲುಗಳ ಕೆಲಸ ಮಾಡುತ್ತಾಳೆ. ಮಧ್ಯಾಹ್ನವಾದರೆ ಮುಂದಿನ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ಇಬ್ಬರೂ ನನ್ನನ್ನು ಏನೂ ಕೇಳಲಿಲ್ಲ. ಓಣಿಯವರು ವಿಚಾರಿಸಿದಾಗ ತಮ್ಮ, "ಸ್ವಲ್ಪ ದಿನ ಇರಾಕ ಬಂದಾಳ" ಎನ್ನುತ್ತಿದ್ದ. ನಾನೂ ಹಾಗೇ ಹೇಳುತ್ತಿದ್ದೆ. ಆ 'ಸ್ವಲ್ಪ ದಿನ' ಎಂಬುದು ಎಲ್ಲರಿಗೂ ಅನುಕೂಲವಾಗಿತ್ತು.

ನನಗೆ ಕೊಟ್ಟ ಒಳಗಿನ ಕೋಣೆಯಲ್ಲಿ ಫೋನಿಗೆ ಸಿಗ್ನಲ್ ಬರುತ್ತಿರಲಿಲ್ಲ. ವೈಫೈ ಪಾಸ್‌ವರ್ಡ್ ಕೇಳಿದೆ, ತಮ್ಮ ಹೇಳಿದ. ಹಾಕಿದರೂ ನೆಟ್ ಬರಲಿಲ್ಲ.

"ಪಾಸ್‌ವರ್ಡ್ ಒಂದ ಇದ್ರ ಸಾಲಂಗಿಲ್ಲಕ್ಕ" ಎಂದು ಅವನು ತನ್ನ ಫೋನ್ ತೆಗೆದ. "ಇಕಿ ಕಂಪನಿಯವ್ರು ವೈಫೈ ಡಬ್ಬಿ ಕೊಟ್ಟಾರ. ಅದರಾಗ ಮೊದಲ ಬರಸಿದ ಫೋನು, ಲ್ಯಾಪ್‌ಟಾಪು ಅಷ್ಟ ನಡೀತಾವ. ಲಾರಿಗೆ ಚಾಸಿ ನಂಬರ್ ಇರ್ತತಲ್ಲ, ಹಂಗ ಪ್ರತಿ ಫೋನಿಗೂ ಒಂದು ನಂಬರ್ ಇರ್ತತಿ. ಆ ನಂಬರ್ ಅಲ್ಲಿ ಇಲ್ಲಂದ್ರ ಒಳಗ ಬಿಡಂಗಿಲ್ಲ."

ನನ್ನ ಫೋನ್ ಇಸಿದುಕೊಂಡು ಆ ನಂಬರು ಹುಡುಕಿದ. ಫೋನು ತನ್ನ ಖರೇ ನಂಬರ್ ಮುಚ್ಚಿಟ್ಟು ಬೇರೆ ಯಾವುದೋ ತೋರಿಸುತ್ತಿದೆಯೆಂದು ಗೊಣಗಿ ಅದನ್ನೂ ಸರಿಮಾಡಿದ. ತನ್ನ ಫೋನಿನಲ್ಲಿ ಅದರ ಅಂಕಿ, ಅಕ್ಷರ ಒಂದೊಂದೇ ಒತ್ತಿದ. ಹೆಸರಿನ ಜಾಗದಲ್ಲಿ 'ಅಕ್ಕ' ಎಂದು ಹಾಕಿದ. ಆಮೇಲೆ ಬೆರಳು ನಿಂತಿತು.

"ಎಷ್ಟು ದಿನ ಅಂತ ಹಾಕ್ಲಿ?"

ಕೇಳಿದ ಮೇಲೆಯೇ ಅವನಿಗೆ ತಾನು ಏನು ಕೇಳಿದೆ ಎಂಬುದು ಹೊಳೆದಿರಬೇಕು. ಪರದೆಯನ್ನು ನನ್ನ ಕಡೆ ತಿರುಗಿಸಿ, "ಇದು ಕೇಳಾಕತ್ತತಿ, ನಾ ಅಲ್ಲ" ಎಂದ. ಅಲ್ಲಿ ತಾತ್ಕಾಲಿಕ, ಕಾಯಂ ಎಂದು ಎರಡಿದ್ದವು. ಅಡುಗೆಮನೆಯಲ್ಲಿ ತಿರುಗುತ್ತಿದ್ದ ಮಿಕ್ಸಿ ನಿಂತಿತು.

"ನಿನಗ ತಿಳಿದಂಗ ಹಾಕು" ಎಂದೆ.

ಅವನು ಒಂದು ತಿಂಗಳು ಹಾಕಿದ. ನನಗೆ ಬೇಜಾರಾಯಿತೇ ಎಂದು ನೋಡಿಕೊಂಡೆ. ಆಗಿರಲಿಲ್ಲ. ನಲ್ಲಿ ಬಂದಿತ್ತು, ಕೊಡ ತುಂಬಿಸಲು ಎದ್ದೆ.

ಆ ತಿಂಗಳು ನಾನು ಮಾಡಿದ್ದು ಹೇಳಿಕೊಳ್ಳುವಂಥದ್ದೇನೂ ಇಲ್ಲ. ತರಕಾರಿ ಹೆಚ್ಚುತ್ತಿದ್ದೆ. ಫೋನಿನಲ್ಲಿ ಏನಾದರೂ ಹಾಕಿಕೊಂಡು ಗೋಡೆ ಕಡೆ ಮುಖಮಾಡಿ ಮಲಗುತ್ತಿದ್ದೆ. ಒಮ್ಮೆ ತಮ್ಮ ಹಂಪಿಗೆ ಕರೆದುಕೊಂಡು ಹೋದ, ಗುಡಿಯಲ್ಲಿ ಕೈಮುಗಿದೆ, ಏನು ಬೇಡಿಕೊಳ್ಳಬೇಕೆಂದು ತೋಚಲಿಲ್ಲ. ಕಂಪ್ಲಿಯಿಂದ ಫೋನ್ ಬರಲಿಲ್ಲ. ನಾನೂ ಮಾಡಲಿಲ್ಲ. ಬರಲಿ ಎಂದು ಕಾಯುತ್ತಿರಲಿಲ್ಲ, ಬರದಿರಲಿ ಎಂದೂ ಅಂದುಕೊಳ್ಳಲಿಲ್ಲ. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ಕೆನ್ನೆ ಮುಟ್ಟಿಕೊಂಡರೆ ಬೇರೆ ಯಾರದೋ ಕೆನ್ನೆ ಅನಿಸುತ್ತದಲ್ಲ, ದಿನಗಳು ಹಾಗಿದ್ದವು.

ತಿಂಗಳು ತುಂಬಿದ ದಿನ ನೆಟ್ ನಿಂತಿತು. ನಾನು ಯಾರಿಗೂ ಹೇಳಲಿಲ್ಲ. ಸಂಜೆ ತಮ್ಮ ತಾನಾಗಿಯೇ ನೋಡಿ ಇನ್ನೊಂದು ತಿಂಗಳು ಹಾಕಿದ. ಅದರ ಮುಂದಿನ ಸಲ ನಿಲ್ಲುವ ಮೊದಲೇ ಹಾಕಿದ್ದ. ಈ ಬಗ್ಗೆ ನಾವಿಬ್ಬರೂ ಮಾತಾಡಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಅವನ ಹೆಂಡತಿ ನನ್ನ ಕೋಣೆಗೆ ಬಂದಳು. ಕೆಲಸದ ಹೊತ್ತಿನಲ್ಲಿ ಅವಳು ಎದ್ದು ಬರುವವಳಲ್ಲ. ಹೆಡ್‌ಫೋನು ಇನ್ನೂ ಕುತ್ತಿಗೆಯಲ್ಲೇ ಇತ್ತು. ಮಂಚದ ತುದಿಗೆ ಕೂತಳು.

"ಅಕ್ಕಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಕಂಪನಿಯವ್ರು ತಪಾಸಣೆ ಮಾಡಾಕತ್ತಾರ. ಈ ಒಂದು ಫೋನು ತಿಂಗಳಾ ತಿಂಗಳಾ ಯಾಕ ಮುಂದುವರಿಸಾಕತ್ತೀರಿ, ಯಾರದಿದು ಅಂತ ಕೇಳ್ಯಾರ. ಬಂದುಹೋಗೋರದು ಆದ್ರ ತಗೀಬೇಕಂತ. ಮನಿಯವ್ರದು ಆದ್ರ ಕಾಯಂ ಅಂತ ಬರೀಬೇಕಂತ."

ನಾನು ಫೋನು ಮಗುಚಿ ದಿಂಬಿನ ಮೇಲಿಟ್ಟೆ.

"ನಿಮ್ಮ ತಮ್ಮನವ್ರನ್ನ ಕೇಳಿದ್ರ, ಅಕ್ಕನ್ನ ಏನೂ ಕೇಳಬ್ಯಾಡ, ಕಾಯಂ ಅಂತ ಬರಿ ಅಂದ್ರು. ನಿಮ್ಮನ್ನ ಕೇಳದ ಹೆಂಗ ಬರೀಲ್ರಿ? ನಾಳೆ ನಿಮಗ ಹೋಗಬೇಕು ಅನಿಸಿದ್ರ, ಇವರ ನನ್ನ ಇಲ್ಲೇ ಕಟ್ಟಿಹಾಕಿದ್ರು ಅಂತ ಆಗಬಾರದು. ನೀವು ತಗೀ ಅಂದ್ರೂ ನಾವು ಹೊರಗ ಹೋಗ್ರಿ ಅಂದಂಗಲ್ಲ. ನೀವ ಹೇಳ್ರಿ."

ಅವಳ ಧ್ವನಿ ನಡುಗುತ್ತಿತ್ತು. ನನ್ನದು ನಡುಗಲಿಲ್ಲ. "ಕಾಯಂ ಅಂತ ಬರಿ" ಎಂದೆ. "ನಾ ತಿರುಗಿ ಹೋಗಂಗಿಲ್ಲ."

ಹಾಗೆಂದು ನಾನು ಮೊದಲೇ ತೀರ್ಮಾನಿಸಿದ್ದೆನೇ? ಇಲ್ಲ. ಬಾಯಿಂದ ಹೊರಬಿದ್ದ ಮೇಲೆ ನನಗೂ ಆಗಲೇ ತಿಳಿದದ್ದು. ಅವಳು ಸ್ವಲ್ಪ ಹೊತ್ತು ನನ್ನ ಕೈ ಹಿಡಿದುಕೊಂಡಿದ್ದು, ಕಂಪನಿಯವರು ಕಾಯುತ್ತಿದ್ದಾರೆಂದು ಎದ್ದು ಹೋದಳು.

ಮುಂದಿನ ಭಾನುವಾರ ತಮ್ಮ ಆಫೀಸಿನ ಸಣ್ಣ ಗಾಡಿ ಕೇಳಿ ತಂದ. ಇಬ್ಬರೂ ಕಂಪ್ಲಿಗೆ ಹೋದೆವು. ಹೇಳಿಯೇ ಹೋಗಿದ್ದರಿಂದ ನನ್ನ ಗಂಡ ಮನೆಯಲ್ಲಿದ್ದರು. ಚಹಾ ತರಿಸಿದರು. ನನ್ನ ಬೀರು, ಹೊಲಿಗೆ ಮಷಿನ್ನು, ಅವ್ವ ಕೊಟ್ಟ ಹಿತ್ತಾಳೆ ಪಾತ್ರೆಗಳನ್ನು ಹೊರಗಿಡುವಾಗ ತಾವೇ ಒಂದು ಕಡೆ ಹಿಡಿದರು. ಹಗ್ಗ ಸಡಿಲಾಗಿದೆಯೆಂದು ಬಿಚ್ಚಿ ಮತ್ತೆ ಬಿಗಿದು ಕಟ್ಟಿದರು. ಲಗ್ನದ ಸಾಮಾನು ಹೀಗೆ ವಾಪಸು ಹೊರಡುವಾಗ ಏನಾದರೂ ಅಂದಾರು ಎಂದು ನನ್ನ ತಮ್ಮ ಮೈ ಬಿಗಿಹಿಡಿದು ನಿಂತಿದ್ದ.

ಅವರು ಕೇಳಿದ್ದು ಇಷ್ಟೇ: "ನೀರಿನ ಮೋಟರ್ ಸ್ವಿಚ್ ಯಾವ್ದು?"

"ಹಿತ್ತಲ ಬಾಗಿಲ ಹಿಂದಿಂದು. ಕರೇದು. ಟಾಕಿ ತುಂಬಿದ್ರ ಸಪ್ಪಳ ಬರ್ತತಿ, ಆವಾಗ ಆರಸ್ರಿ."

"ಹೂಂ" ಎಂದರು. ನಾನು ಗಾಡಿ ಹತ್ತಿದೆ.

ಕಬ್ಬಿನ ಗದ್ದೆ, ಬಾಳೆ ತೋಟ ದಾಟಿದೆವು. ತಮ್ಮ ರಸ್ತೆ ಮೇಲೆಯೇ ಕಣ್ಣಿಟ್ಟು, "ಅಳಬೇಕು ಅನಿಸಿದ್ರ ಅಳಕ್ಕ, ಇಲ್ಲಿ ಯಾರೂ ಇಲ್ಲ" ಎಂದ.

"ಅನಸವಲ್ದು."

ಅವನ ಕಣ್ಣಲ್ಲೇ ನೀರಿತ್ತು. ಒರೆಸಿಕೊಳ್ಳಲು ನನ್ನ ಸೆರಗು ಕೊಟ್ಟೆ.

ಈಗ ಸಂಡೂರಿನ ಒಂದು ಶಾಲೆಯ ಆಫೀಸಿನಲ್ಲಿ ಕೆಲಸಕ್ಕಿದ್ದೇನೆ. ತಮ್ಮನ ಮನೆಯಿಂದಲೇ ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರುತ್ತೇನೆ. ಕಿಟಕಿ ಪಕ್ಕ ಕೂತರೆ ಮೊಣಕೈಗೆ ಕೆಂಪು ಧೂಳು ಅಂಟುತ್ತದೆ, ಶಾಲೆಗೆ ಹೋಗಿ ಮೊದಲು ಕೈ ತೊಳೆದುಕೊಳ್ಳುತ್ತೇನೆ. ನನ್ನ ವಿಷಯ ತಿಳಿದ ಪಕ್ಕದ ಮೇಜಿನವರು ಒಮ್ಮೆ ಊಟಕ್ಕೆ ಕೂತಾಗ, ಆವಾಗ ನಿಮಗೆ ಭಾಳ ನೋವಾಗಿರಬೇಕಲ್ಲ ಎಂದು ಕೇಳಿದರು. ಇರಬಹುದು ಎಂದೆ. ಅವರು ತಮ್ಮ ಡಬ್ಬಿಯಿಂದ ಒಂದು ರೊಟ್ಟಿ ತೆಗೆದು ನನ್ನ ತಟ್ಟೆಗೆ ಹಾಕಿದರು. ಶೇಂಗಾ ಚಟ್ನಿ ಖಾರವಾಗಿತ್ತು. ಇನ್ನೊಂದು ಕೇಳಿ ಹಾಕಿಸಿಕೊಂಡೆ.