ಆನೆಯ ಮುಂದೆ ಫ್ರೆಂಚ್

ಫ್ಲ್ಯಾಶ್‌ಕಾರ್ಡ್ ಆ್ಯಪಿನಿಂದ ಎಲ್ಲಾದರೂ ಭಾಷೆ ಬರುತ್ತದೆಯೇ ಎಂದು ಕೇಳುವವರು ಇವತ್ತು ಬೆಳಿಗ್ಗೆ ನಮ್ಮ ಚೆಟ್ಟಳ್ಳಿಯ ತೋಟದಲ್ಲಿರಬೇಕಿತ್ತು ಮಾರಾಯ್ರೇ.

ನಮ್ಮ ಹೋಮ್‌ಸ್ಟೇಗೆ ಫ್ರಾನ್ಸಿನಿಂದ ಬಂದಿರುವ, ಇಂಗ್ಲಿಷ್ ಬಾರದ ಅಜ್ಜ ಕ್ಯಾಮೆರಾ ಹಿಡಿದು ಹಲಸಿನ ಮರದ ಕಡೆ ಹೊರಟಿದ್ದರು. ಹಲಸು ಹಣ್ಣಾದಲ್ಲಿಗೆ ಆನೆ ಬರುವುದು ನಮಗೆ ಗೊತ್ತು, ಅವರಿಗೇನು ಗೊತ್ತು? ಕಾಫಿ ಗಿಡಗಳ ಆಚೆ ಬೂದು ಬೆನ್ನೊಂದು ಕಂಡದ್ದೇ ನಾನು ವರಾಂಡದಿಂದ ಕಿರುಚಿದೆ: “ಸಾರ್, ಎಲಿಫೆಂಟ್! ಎಲಿಫೆಂಟ್!”

ಅಜ್ಜನಿಗೆ ಆ ಒಂದು ಪದ ಮಾತ್ರ ಚೆನ್ನಾಗಿ ತಿಳಿಯಿತು. ಆನೆ ನೋಡಲೆಂದೇ ಬಂದವರು, ಖುಷಿಯಿಂದ ನನಗೆ ಕೈಬೀಸಿ ಇನ್ನೂ ಬೇಗಬೇಗ ಅತ್ತಲೇ ನಡೆದರು.

ಅಷ್ಟರಲ್ಲಿ ಅಡುಗೆಮನೆಯಿಂದ ಹೆಂಡತಿ ಓಡಿ ಬಂದಳು. ಒಲೆಯ ಮುಂದೆ ನಿಂತೇ ಮೊಬೈಲಿನಲ್ಲಿ ಕಾರ್ಡು ತಿರುವಿ ಫ್ರೆಂಚ್ ಕಲಿಯುವವಳು. “ಈ ಕಾಡಲ್ಲಿ ನಿನ್ನ ಫ್ರೆಂಚ್ ಯಾರಿಗೆ ಬೇಕು?” ಎಂದು ನಾನು ದಿನಾ ರೇಗಿಸುತ್ತಿದ್ದೆ.

“ಅರೆತೇ! ರೆವೆನೇ!” ಎಂದು ಕೂಗಿದಳು. ನಿಲ್ಲಿ, ವಾಪಸ್ ಬನ್ನಿ ಎಂದರ್ಥವಂತೆ.

ಅಜ್ಜ ನಿಂತರು, ತಿರುಗಿದರು, ನೆಟ್ಟಗೆ ವರಾಂಡಕ್ಕೆ ಬಂದು ಕುಳಿತರು. ಆನೆ ತನ್ನ ಪಾಡಿಗೆ ಹಲಸು ತಿಂದಿತು.

“ಈಗ ಹೇಳಿ, ಕಾರ್ಡ್ ತಿರುವಿದ್ರೆ ಭಾಷೆ ಬರ್ತದಾ ಇಲ್ವಾ?”

ಬರ್ತದೆ ಮಾರಾಯ್ತಿ! ಊರಿಗೆಲ್ಲ ಕೇಳುವಂತೆ ಹೇಳುತ್ತೇನೆ, ನನ್ನ ಹೆಂಡತಿಗೆ ಫ್ರೆಂಚ್ ಬರುತ್ತದೆ. ಆದರೆ ಆ್ಯಪ್ ಕಲಿಸಿದ್ದು ಪದಗಳನ್ನು ಮಾತ್ರ. ಕೇಳಿದವರು ನಿಂತಲ್ಲೇ ನಿಲ್ಲುವ ಆ ಸ್ವರವನ್ನು ಅವಳು ಇಷ್ಟು ವರ್ಷ ಪ್ರಾಕ್ಟೀಸ್ ಮಾಡಿದ್ದು ನನ್ನ ಮೇಲೆ, ಅದೂ ಕನ್ನಡದಲ್ಲಿ.