ಒಂದು ಚೀಟಿ, ನಾಲ್ವರ ಮೈ

ಇರಕಲ್ಲಗಡದ ಸರ್ಕಾರಿ ಶಾಲೆಯಲ್ಲಿ ಯಮನೂರಮ್ಮ ಬಿಸಿಯೂಟದ ಅಡುಗೆಗೆ ಸೇರಿ ಒಂಬತ್ತು ವರ್ಷವಾಗಿತ್ತು. ಇನ್ನೂರು ಮಕ್ಕಳ ಸಾಂಬಾರಿಗೆ ಅವಳು ಉಪ್ಪನ್ನು ಬರಿಗೈಯಲ್ಲೇ ಅಳೆದು ಹಾಕುತ್ತಿದ್ದಳು. ಒಂದು ದಿನವೂ ರುಚಿ ಕೆಟ್ಟಿರಲಿಲ್ಲ. ಅವಳಿಗೊಂದು ವಿಚಿತ್ರ ಸ್ವಭಾವವಿತ್ತು. ಹೆದರಿಕೆಯಾದಾಗ ಬೇರೆಯವರಿಗೆ ಅಳು ಬಂದರೆ ಇವಳಿಗೆ ನಗು ಬರುತ್ತಿತ್ತು. ಮದುವೆಯಲ್ಲಿ ತಾಳಿ ಕಟ್ಟುವಾಗಲೂ ನಕ್ಕು ಗಂಡ ಯಂಕೋಬನನ್ನು ಗಾಬರಿ ಮಾಡಿದ್ದಳು.

ಆ ವರ್ಷ ಅವಳ ಎರಡೂ ಅಂಗೈ ಕೆಂಪಗಾಗಿ ಸುಲಿಯತೊಡಗಿದವು. ಬೆರಳ ತುದಿಗಳು ಉಳ್ಳಾಗಡ್ಡಿ ಸಿಪ್ಪೆಯಂತೆ ಪದರು ಬಿಟ್ಟವು. ಒಂದು ಶನಿವಾರ ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಹೆಡ್ ಮಾಸ್ತರ್ ಪ್ರಭುರಾಜ ಅವಳನ್ನು ಕರೆದರು.

“ನೋಡವಾ ಯಮನೂರಮ್ಮ, ನನಗೇನೂ ಇಲ್ಲ. ಆದ್ರ ಪಾಲಕರು ಗೇಟಿನಾಗ ನಿಂತು ಕೇಳಾಕತ್ಯಾರ. ಇದು ಹತ್ತೋ ರೋಗ ಅಲ್ಲ ಅಂತ ಚರ್ಮದ ಡಾಕ್ಟರ ಕಡಿಂದ ಬರಸ್ಕೊಂಡು ಬಾ. ಸೋಮವಾರ ಕಾಗದ ತಂದ್ರ ಒಲಿ ಹಚ್ಚು. ಇಲ್ಲಂದ್ರ ಬ್ಯಾರೆಯವ್ರನ್ನ ನೋಡಬೇಕಾಗ್ತೈತಿ.”

ಯಮನೂರಮ್ಮ ಕಿಸಕ್ಕನೆ ನಕ್ಕಳು. 

ಮರುದಿನ ಭಾನುವಾರ. ಸರ್ಕಾರಿ ಆಸ್ಪತ್ರೆಯಲ್ಲಿ ಹೊರರೋಗಿಗಳನ್ನು ನೋಡುವುದು ಸೋಮವಾರವೇ. ಕೊಪ್ಪಳದಲ್ಲಿ ಒಬ್ಬ ಖಾಸಗಿ ಚರ್ಮದ ಡಾಕ್ಟರಮ್ಮ ಮಾತ್ರ ಭಾನುವಾರವೂ ಮಧ್ಯಾಹ್ನದ ತನಕ ಕೂರುತ್ತಾರೆಂದು ಗೊತ್ತಾಯಿತು. ನೋಡುವುದಕ್ಕೆ ಫೀ ಐದು ನೂರು, ಔಷಧಿಯ ಖರ್ಚು ಬೇರೆ.

“ಐದನೂರಾ?” ಎಂದು ಪಕ್ಕದ ಮನೆಯ ಕಳಕಮ್ಮ ಕಟ್ಟೆಯ ಮೇಲೆ ಕುಳಿತಲ್ಲೇ ಹಣೆ ಬಡಿದುಕೊಂಡಳು. “ಏನು, ಮೈಗೆಲ್ಲಾ ಹೊಸಾ ಚರ್ಮ ಹೊಲ್ದು ಕೊಡ್ತಾಳಂತೇನು?”

ಎದುರು ಮನೆಯ ಶಾಹಜಾದಬಿ ಲೆಕ್ಕದಲ್ಲಿ ಇನ್ನೂ ಚುರುಕು. “ಐದನೂರು ಕೊಟ್ಟು ಬರೇ ಎರಡು ಅಂಗೈ ತೋರಿಸಿ ಬರ್ತಿಯೇನವಾ? ಲುಕ್ಸಾನ ಆತಲ್ಲ! ನನ್ನ ಹಿಮ್ಮಡಿ ಒಡಕನೂ ಅದರಾಗ ಹೇಳಿಬಿಡು.”

ಗಿರಣಿಗೆ ಹೊರಟವರು ಅಕ್ಕಪಕ್ಕದ ಮನೆಯ ಜೋಳದ ಡಬ್ಬಿಯನ್ನೂ ಹೊತ್ತುಕೊಂಡು ಹೋಗುವುದು ಆ ಓಣಿಯ ರೂಢಿ. ಹೋಗುವ ಕಾಲು ಒಂದೇ, ಬೀಸುವ ಕಲ್ಲು ಒಂದೇ. ಡಾಕ್ಟರ ಚೀಟಿಯೂ ಹಾಗೆಯೇ ಇರಬೇಕೆಂದು ಯಾರಿಗೂ ಅನುಮಾನ ಬರಲಿಲ್ಲ. ಶಾಹಜಾದಬಿ ನೂರು ಕೊಟ್ಟಳು. ಕಳಕಮ್ಮ ನೂರು ಕೊಟ್ಟಳು. ಕೆನ್ನೆಯ ಮೇಲೆ ಬಂಗು ಎದ್ದಿದ್ದ ಅನ್ನಪೂರ್ಣ, ಗಂಡನಿಗೆ ಹೇಳಬೇಡ ಎನ್ನುತ್ತಾ ನೂರು ಕೊಟ್ಟಳು. ಉಳಿದ ಇನ್ನೂರು ಯಮನೂರಮ್ಮನದು.

“ನಂದು ರಾತ್ರಿ ಕಡೀತೈತಿ, ಹಗಲಲ್ಲ,” ಎಂದು ಕಳಕಮ್ಮ ಮೂರು ಸಲ ಹೇಳಿದಳು. “ಬೆರಳ ಸಂದ್ಯಾಗ. ಮೂರೂ ಮೊಮ್ಮಕ್ಕಳಿಗೂ ಐತಿ. ಮರತಗಿರತಿ!”

“ಮರಿಯಂಗಿಲ್ಲ ಬಿಡು ಯಕ್ಕಾ. ಎಲ್ಲಾ ನನಗ ಐತಿ ಅಂತ ಹೇಳ್ತೀನಿ.”

ಬಸ್ಸಿಗೆ ದುಡ್ಡಿನ ಚಿಂತೆಯಿರಲಿಲ್ಲ, ಆಧಾರ್ ಕಾರ್ಡ್ ತೋರಿಸಿದರೆ ಸಾಕಿತ್ತು. ಕೊಪ್ಪಳ ಬರುವ ತನಕ ಯಮನೂರಮ್ಮ ಒಂದೊಂದು ಬೆರಳಿಗೆ ಒಂದೊಂದು ರೋಗ ಕಟ್ಟಿಕೊಂಡು ಬಾಯಿಪಾಠ ಮಾಡಿದಳು. ಹೆಬ್ಬೆರಳು ಹಿಮ್ಮಡಿ, ತೋರುಬೆರಳು ಬಂಗು, ನಡುಬೆರಳು ರಾತ್ರಿ ಕಡಿತ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಸ್ವಲ್ಪ ದೂರ ಸರಿದಳು.

ಡಾಕ್ಟರಮ್ಮನ ಕೋಣೆ ಎಷ್ಟು ತಣ್ಣಗಿತ್ತೆಂದರೆ ಒಳಗೆ ಕಾಲಿಡುತ್ತಲೇ ಯಮನೂರಮ್ಮನಿಗೆ ಹೆದರಿಕೆಯಾಯಿತು, ಹೆದರಿಕೆಯ ಹಿಂದೆಯೇ ನಗುವೂ ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಏನ್ ತೊಂದ್ರಿ?” ಎಂದರು ಡಾಕ್ಟರಮ್ಮ.

ತನ್ನ ಕೈಯಂತೂ ಕಣ್ಣಿಗೆ ಕಾಣುತ್ತದೆ, ಮರೆತುಹೋಗುವುದು ಬೇರೆಯವರದು ಎಂದುಕೊಂಡು ಅವಳು ಓಣಿಯ ರೋಗಗಳಿಂದಲೇ ಶುರು ಮಾಡಿದಳು. ಹಿಮ್ಮಡಿ ಒಡೆದಿದೆ ಎಂದಳು. ಡಾಕ್ಟರಮ್ಮ ಬಗ್ಗಿ ನೋಡಿದರು. ಹಿಮ್ಮಡಿ ಚೆನ್ನಾಗಿಯೇ ಇತ್ತು. ಬಂಗು ಎಂದಳು. ಡಾಕ್ಟರಮ್ಮ ಎರಡೂ ಕೆನ್ನೆ ನೋಡಿದರು. ಬಂಗು ಇರಲಿಲ್ಲ.

“ರಾತ್ರಿ ಕಡೀತೈತ್ರಿ. ಬೆರಳ ಸಂದ್ಯಾಗ. ಮೂರೂ ಮೊಮ್ಮಕ್ಕಳಿಗೂ ಐತ್ರಿ.”

“ಮೊಮ್ಮಕ್ಕಳಾ? ನಿಮ್ಮ ವಯಸ್ಸೆಷ್ಟು?”

“ಮೂವತ್ನಾಕ್ರಿ.”

ಡಾಕ್ಟರಮ್ಮ ಕನ್ನಡಕ ಸರಿ ಮಾಡಿಕೊಂಡರು. ಆದರೆ ರಾತ್ರಿಯ ಕಡಿತ, ಬೆರಳ ಸಂದಿ, ಮನೆಯ ಮಕ್ಕಳಿಗೂ ಹಬ್ಬಿದ್ದು, ಇಷ್ಟು ಕೇಳಿದ ಮೇಲೆ ಅವರಿಗೆ ಅದು ನಗುವ ಮಾತಾಗಿ ಉಳಿಯಲಿಲ್ಲ. “ನೀವು ಹೇಳೋದು ನೋಡಿದ್ರ ಇದು ಕಜ್ಜಿ. ಒಬ್ರಿಂದ ಒಬ್ರಿಗೆ ಹತ್ತತೈತಿ. ಎಲ್ಲಿ ಕೆಲಸ ಮಾಡ್ತೀರಿ?”

“ಸಾಲ್ಯಾಗ ಅಡಗಿ ಮಾಡ್ತೀನ್ರಿ. ಅದಕ್ಕ ಒಂದು ಕಾಗದ ಬೇಕಿತ್ರಿ.”

“ಸಾಲ್ಯಾಗ? ಹಂಗಾದ್ರ ಪೂರ್ತಿ ವಾಸಿ ಆಗೋ ಮಟಾ ಅಡಗಿ ಬಂದ್. ಹಂಗ ಬರದು ಕೊಡ್ತೀನಿ.”

ಪೆನ್ನು ಕಾಗದಕ್ಕೆ ತಾಗಿತು. ಒಂಬತ್ತು ವರ್ಷದ ಒಲೆ ಆ ಪೆನ್ನಿನ ತುದಿಯಲ್ಲಿ ಆರುವುದನ್ನು ಯಮನೂರಮ್ಮ ಕಂಡಳು. ಮೊದಲ ಸಲ ಅವಳಿಗೆ ನಗು ಬರಲಿಲ್ಲ.

“ಬರೀಬ್ಯಾಡ್ರೀ! ಆ ಕಡಿತ ನಂದಲ್ರಿ, ಕಳಕಮ್ಮಂದು!”

“ಯಾರ ಕಳಕಮ್ಮ?”

“ನಮ್ಮ ಬಾಜೂ ಮನ್ಯಾಕಿರಿ. ಮೊಮ್ಮಕ್ಕಳೂ ಅಕೀವ ರೀ.”

“ಮತ್ತ ಹಿಮ್ಮಡಿ?”

“ಶಾಹಜಾದಬಿದ್ರಿ.”

“ಬಂಗು?”

“ಅನ್ನಪೂರ್ಣಂದ್ರಿ. ಅಕಿ ಗಂಡಗ ಹೇಳಬ್ಯಾಡ್ರಿ ಮತ್ತ.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ನಿಮ್ಮದೇನೈತಿ ಹಂಗಾರ?”

ಯಮನೂರಮ್ಮ ಎರಡೂ ಅಂಗೈಯನ್ನು ಮೇಜಿನ ಮೇಲೆ ಇಟ್ಟಳು. “ಇವೆರಡ ರೀ.”

ಐದು ನೂರನ್ನು ಯಾರು ಯಾರು ಎಷ್ಟೆಷ್ಟು ಕೂಡಿಸಿದರೆಂದು ಅವಳು ಹೇಳಿ ಮುಗಿಸುವಷ್ಟರಲ್ಲಿ ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅವರು ನಕ್ಕದ್ದು ನೋಡಿ ಯಮನೂರಮ್ಮನೂ ನಕ್ಕಳು. ಏನಾಯಿತೋ ಎಂದು ಚೀಟಿ ಕೊಡುವ ಹುಡುಗಿ ಬಾಗಿಲು ತೆರೆದು ಇಣುಕಿದಳು.

ಆಮೇಲೆ ಡಾಕ್ಟರಮ್ಮ ದೀಪ ಹಚ್ಚಿ, ಭೂತಕನ್ನಡಿ ಹಿಡಿದು, ಒಂದೊಂದು ಬೆರಳ ಸಂದಿಯನ್ನೂ ನಿಧಾನವಾಗಿ ನೋಡಿದರು. ಪಾತ್ರೆ ಯಾವುದರಿಂದ ತಿಕ್ಕುತ್ತೀರಿ ಎಂದು ಕೇಳಿದರು. ಚೀಲದಲ್ಲಿ ಬರುವ ಅಗ್ಗದ ಪುಡಿ, ಬರಿಗೈ, ದಿನಾ ಇನ್ನೂರು ತಟ್ಟೆ ಎಂದಳು.

“ಇದು ಕಜ್ಜಿ ಅಲ್ಲ. ಆ ಪುಡಿ ನಿಮ್ಮ ಕೈ ತಿಂದೈತಿ. ಯಾರಿಗೂ ಹತ್ತಂಗಿಲ್ಲ. ಮುಲಾಮು ಹಚ್ರಿ, ರಬ್ಬರ್ ಗ್ಲೌಸ್ ಹಾಕ್ಕೊಂಡು ತಿಕ್ರಿ. ಕಳಕಮ್ಮನ್ನ, ಮೊಮ್ಮಕ್ಕಳನ್ನ ನಾಳೆ ಸರ್ಕಾರಿ ದವಾಖಾನಿಗೆ ಕಳಸ್ರಿ. ಮನಿ ಮಂದಿ ಎಲ್ಲಾ ಒಂದೇ ದಿನ ಔಷಧ ಹಚ್ಚಬೇಕು. ಮೈ ನೋಡದ ನಾ ಔಷಧ ಬರ್ಯಾಕ ಬರಂಗಿಲ್ಲ.”

“ಹಿಮ್ಮಡಿಗರ ಏನಾರ ಹೇಳ್ರಿ. ನೂರು ಕೊಟ್ಟಾಳ್ರಿ.”

“ಮಲಗೋ ಮುಂದ ತೊಳದು ವ್ಯಾಸಲೀನ್ ಹಚ್ಚು ಅನ್ರಿ.”

ಸಂಜೆ ಕಟ್ಟೆಯ ಮೇಲೆ ಗದ್ದಲವೋ ಗದ್ದಲ. “ಒಂದು ವ್ಯಾಸಲೀನಿಗೆ ನೂರು ರೂಪಾಯಿ!” ಎಂದು ಶಾಹಜಾದಬಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ನನ್ನ ಕಡಿತ ಬಿಟ್ಟುಕೊಟ್ಟು ನಿನ್ನ ಕೆಲಸ ಉಳಿಸ್ಕೊಂಡೆಲ್ಲ,” ಎಂದು ಕಳಕಮ್ಮ ಮುಖ ಊದಿಸಿದಳು. ಆದರೂ ದವಾಖಾನೆಗೆ ಎಷ್ಟು ಗಂಟೆಗೆ ಹೋಗಬೇಕೆಂದು ಎರಡು ಸಲ ಕೇಳಿಕೊಂಡಳು. ಅನ್ನಪೂರ್ಣ ಮಾತ್ರ, ತನ್ನ ಹೆಸರು ಕೊಪ್ಪಳದ ಡಾಕ್ಟರಿಗೂ ಗೊತ್ತಾಯಿತೆಂದು ಖುಷಿಯಲ್ಲಿದ್ದಳು.

ಸೋಮವಾರ ಪ್ರಭುರಾಜ ಮಾಸ್ತರ್ ಕಾಗದವನ್ನು ಎರಡು ಸಲ ಓದಿದರು.

“ಇದೇನಿದು, ಹತ್ತಂಗಿಲ್ಲ ಅನ್ನೋದನ್ನ ಇಷ್ಟು ದೊಡ್ಡ ಅಕ್ಷರದಾಗ ಬರದಾರ?”

“ನಾನ ಬರಸೀನ್ರಿ ಸರ. ಗೇಟಿನಾಗ ನಿಂತವ್ರಿಗೆ ಅಲ್ಲಿಂದನ ಕಾಣಬೇಕಲ್ರಿ?”

ಮಾಸ್ತರ್ ಗೋಂದು ತರಿಸಿ ಕಾಗದವನ್ನು ಅಡುಗೆ ಕೋಣೆಯ ಬಾಗಿಲಿಗೆ ಅಂಟಿಸಿದರು. ಗೇಟಿನಲ್ಲಿದ್ದ ಇಬ್ಬರು ಪಾಲಕರು ಒಳಗೆ ಬಂದು ಓದಿದರು. ಅವರ ಬೆನ್ನ ಹಿಂದೆ ಯಮನೂರಮ್ಮ ಹಳದಿ ಗ್ಲೌಸ್ ತೊಟ್ಟು, ಒಲೆ ಹಚ್ಚಿ, ಇನ್ನೂರು ಮಕ್ಕಳ ಅಕ್ಕಿ ತೊಳೆಯಲು ಕುಳಿತಿದ್ದಳು.