ಎರಡು ಹಾಡುಗಳ ನಡುವಿನ ಲೀಲಮ್ಮ

ಬೆಳಗಿನ ಆರು ಗಂಟೆ. ಡಚ್ಚರ ಊರು ಟಿಲ್‌ಬರ್ಗಿನ ಹವ್ಯಾಸಿ ಒಪೆರಾ ತಂಡದ ರಂಗಮಂದಿರಕ್ಕೆ ಇನ್ನೂ ಯಾರೂ ಬಂದಿಲ್ಲ. ನೆಲಮಾಳಿಗೆಯಲ್ಲಿ ಮೈಸೂರಿನ ಲೀಲಮ್ಮ ಕೆಂಪು ರೇಷ್ಮೆ ಗೌನಿಗೆ ಇಸ್ತ್ರಿ ಹಾಕುತ್ತ ಗುನುಗುತ್ತಿದ್ದಾರೆ. ಹಾಡು ಇಟಲಿಯದು. ಅರ್ಥ ಗೊತ್ತಿಲ್ಲ, ಒಂದು ಸ್ವರವೂ ತಪ್ಪುವುದಿಲ್ಲ.

ಲೀಲಮ್ಮನ ತಾಯಿ ನಾಟಕ ಕಂಪನಿಯಲ್ಲಿ ಉಡುಪು ಹೊಲಿಯುತ್ತಿದ್ದವರು. ಪತಿ ಗೋವಿಂದರಾಜು ಕಂಪ್ಯೂಟರ್ ಕೆಲಸಕ್ಕೆಂದು ಇಲ್ಲಿಗೆ ಬಂದದ್ದು ೧೯೯೪ರಲ್ಲಿ. ಮೊದಲ ಚಳಿಗಾಲವಿಡೀ ಗೋಡೆ ನೋಡುತ್ತ ಕೂತಿದ್ದ ಲೀಲಮ್ಮನಿಗೆ, ಒಪೆರಾ ತಂಡಕ್ಕೆ ಹೊಲಿಯುವವರು ಬೇಕೆಂಬ ಚೀಟಿಯೊಂದು ದಿನಸಿ ಅಂಗಡಿಯ ಬಾಗಿಲಲ್ಲಿ ಕಂಡಿತು. ಈಗ ೧೯೯೮, ಈ ಕೆಲಸಕ್ಕೆ ನಾಲ್ಕನೇ ವರ್ಷ. ಒಂದು ಪ್ರದರ್ಶನಕ್ಕೆ ನಲವತ್ತು ಉಡುಪು ಅವರ ಕೈಯಲ್ಲಿ ಹಾದುಹೋಗುತ್ತವೆ.

ನೂರೈವತ್ತು ವರ್ಷ ಹಿಂದಿನ ಇಟಾಲಿಯನ್ ಒಪೆರಾದ ಕಟ್ಟು ಅವರಿಗೆ ಬಾಯಿಪಾಠ. "ಮೊದ್ಲು ನಾಯಕಿದು ನಿಧಾನದ ಹಾಡು, ಬರೀ ಅಳು. ಆಮೇಲೆ ಯಾರೋ ಓಡ್ಬಂದು ಸುದ್ದಿ ಹೇಳ್ತಾನೆ, ಕೋರಸ್‌ನವ್ರು ಗಲಾಟೆ ಮಾಡ್ತಾರೆ. ಅವಳ ಮನಸ್ಸು ತಿರುಗತ್ತೆ. ಆಗ ಸ್ಪೀಡ್ ಹಾಡು, ಅದೂ ಎರಡು ಸಲ! ಎರಡ್ನೇ ಸಲ ನಮ್ಮ ಕಛೇರಿ ಸಂಗೀತದ ಸಂಗತಿಗಳ ಥರ ಹೊಸಹೊಸದು ಸೇರಿಸ್ತಾಳೆ. ನನ್ ಕೆಲಸ ಇರೋದು ಆ ಗಲಾಟೆ ಒಳಗೆ." ಆ ತೊಂಬತ್ತು ಸೆಕೆಂಡಿನಲ್ಲಿ ನಾಯಕಿ ಪಾತ್ರದ ಗಾಯಕಿ ಮರೈಕೆ ಪರದೆಯ ಹಿಂದೆ ಓಡಿಬರುತ್ತಾಳೆ; ಕಪ್ಪು ಬಟ್ಟೆ ಕಳಚಿ ಕೆಂಪು ಗೌನು ತೊಡಿಸಿ ಕಳಿಸಬೇಕು.

ಹೋದ ತಿಂಗಳು ಹೊಸ ಸಂಗೀತ ನಿರ್ದೇಶಕ ಯೋಸ್ಟ್, ನಾಟಕ ಉದ್ದವಾಯಿತೆಂದು ಆ ಗಲಾಟೆಯ ನಡುಭಾಗವನ್ನೂ ಹಾಡಿನ ಎರಡನೇ ಸುತ್ತನ್ನೂ ಸ್ವರಪುಸ್ತಕದಲ್ಲಿ ಪೆನ್ಸಿಲಿನಿಂದ ಹೊಡೆದುಹಾಕಿದರು. ತಾಲೀಮಿನಲ್ಲಿ ಎಂದೂ ಬಾಯಿ ಬಿಡದ ಲೀಲಮ್ಮ ಅಂದು ನೇರ ರಂಗದ ಮೇಲೆ ಹತ್ತಿದರು.

"ಯೋಸ್ಟ್ ಮುಂದೆ ಹೋಗಿ ನಿಂತೆ. ಅಂದ್ಬಿಟ್ಟೆ: ಮೆನೇರ್, ಸ್ವಾಮೀ, ಸುದ್ದೀನೇ ಬರದೆ ಅವಳು ಯಾಕೆ ಖುಷಿ ಪಡ್ತಾಳೆ? ಅಳ್ತಿದ್ದ ಬಟ್ಟೇಲೇ ಕುಣೀತಾಳಾ?"

ಯೋಸ್ಟ್ ವಾದ್ಯದವರತ್ತ ತಿರುಗಿದರು. ಎರಡು ಥರವೂ ನುಡಿಸಿ ನೋಡೋಣ ಎಂದರು. ಕತ್ತರಿಸಿ ನುಡಿಸಿದಾಗ ಸ್ಪೀಡ್ ಹಾಡು ಕಾರಣವಿಲ್ಲದ ನಗುವಿನಂತೆ ಕೇಳಿತು. ಪೂರ್ತಿ ನುಡಿಸಿದಾಗ ಕೋರಸ್ ಉಕ್ಕಿತು, ತುತ್ತೂರಿ ಮೊಳಗಿತು, ಕೆಂಪು ಗೌನಿನ ಮರೈಕೆ ಬಿರುಗಾಳಿಯಂತೆ ನುಗ್ಗಿದಳು. ವಾದ್ಯದವರೇ ಎದ್ದು ಚಪ್ಪಾಳೆ ತಟ್ಟಿದರು. ಯೋಸ್ಟ್ ರಬ್ಬರು ತೆಗೆದು ತಮ್ಮ ಗೆರೆಗಳನ್ನು ತಾವೇ ಅಳಿಸಿದರು.

ಕಳೆದ ಶನಿವಾರ ಮೊದಲ ಪ್ರದರ್ಶನ. ಎರಡನೇ ಸುತ್ತಿನ ಕೊನೆಯಲ್ಲಿ ಮರೈಕೆ ತಾರಸ್ಥಾಯಿಗೆ ಏರಿ ನಿಂತಾಗ ಸಭಾಂಗಣ ಹುಚ್ಚೆದ್ದು ಕೂಗಿತು. ಆಗ ನೀವೇನು ಮಾಡಿದಿರಿ ಎಂದು ಕೇಳಿದರೆ ಲೀಲಮ್ಮನ ಮುಖ ಅರಳುತ್ತದೆ.

"ಬಾಯ್ತುಂಬ ಪಿನ್ನು ಕಚ್ಕೊಂಡಿದ್ದೆ. ಇಲ್ದಿದ್ರೆ ಎಲ್ರಿಗಿಂತ ಮುಂಚೆ ನಾನೇ ಒನ್ಸ್ ಮೋರ್ ಅಂತಿದ್ದೆ!"